ಮೇ ಕೊನೆ, ಕುಕ್ಕರಹಳ್ಳಿ ಕೆರೆ: ಈ ಚುಕ್ಕೆ ಹಕ್ಕಿ ಯಾವುದು?

ಪ್ರಶ್ನೆ: ಈ ವಾರ ಪೂರ್ತಿ ಬೆಳಿಗ್ಗೆ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಓಡಾಡಿದೆ. ಹೆಜ್ಜಾರ್ಲೆ, ನೀರುಕಾಗೆ ಗೊತ್ತಾದವು. ಆದರೆ ಆಲದ ಮರದಲ್ಲಿ ಒಂದು ಕಂದು ಹಕ್ಕಿ, ಮೈತುಂಬಾ ಬಿಳಿ ಚುಕ್ಕೆ, ಕಣ್ಣು ಕೆಂಡದ ಹಾಗೆ ಕೆಂಪು. ಕಾಗೆಗಳು ಅಟ್ಟಿಸಿಕೊಂಡು ಹೋಗುತ್ತಿದ್ದವು. ಗಿಡುಗನ ಜಾತಿಯಾ?

ಉತ್ತರ: ಅಲ್ಲ ಸಾರ್, ಹೆಣ್ಣು ಕೋಗಿಲೆ. ಕಪ್ಪಗೆ ಮಿರಮಿರ ಹೊಳೆಯುವುದು ಗಂಡು. ಕುಹೂ ಹಾಡೂ ಅವನದೇ. ಇವಳು ಸುಮ್ನೆ ಕಿಕ್ ಕಿಕ್ ಅಂತ ಚೀರುತ್ತಾಳೆ. ಕಾಗೆ ಗೂಡಲ್ಲಿ ಮೊಟ್ಟೆ ಇಡಲು ಹೊಂಚು ಹಾಕುತ್ತಾಳೆ, ಕಾಗೆಗೆ ಸಿಟ್ಟು ಬರದೆ ಇರುತ್ತಾ?

ಇನ್ನೊಂದು ಉತ್ತರ: ಚಾತಕ ಸಿಕ್ಕಿತಾ? ಕಪ್ಪು ಬಿಳುಪು ಮೈ, ತಲೆ ಮೇಲೆ ಜುಟ್ಟು. ಅದೂ ಇದೇ ಕಸುಬಿನದು, ಆದರೆ ಹರಟೆಮಲ್ಲ (ಬ್ಯಾಬ್ಲರ್) ಹಕ್ಕಿಯ ಗೂಡಿಗೆ ಕನ್ನ. ಮಳೆ ಹಿಡಿದ ಮೇಲೆ ಕೂಗು ಜಾಸ್ತಿ.

ಪ್ರಶ್ನೆ ಕೇಳಿದವರು: ಜುಟ್ಟಿನದು ಕಾಣಲಿಲ್ಲ. ಹರಟೆಮಲ್ಲಗಳ ಗುಂಪು ಮಾತ್ರ ಗೇಟಿನ ಹತ್ತಿರವೇ ಇದೆ. ನಾಳೆ ಅಲ್ಲೇ ಕಾಯುತ್ತೇನೆ.