ರಾತ್ರಿ ಏಳುವ ಕೂಸಿನ ಕುರಿತು ಮನೆಯ ಗುಂಪಿಗೆ

ವೈನಿ, ಅಕ್ಕ ಮತ್ತು ಮಕ್ಕಳೇ, ಎಲ್ಲರಿಗೂ ನಮಸ್ಕಾರ. ಇಷ್ಟೆಲ್ಲವನ್ನು ಮೊಬೈಲಿನಲ್ಲಿ ಬರೆಯಲು ಕಣ್ಣು ಸಹಕರಿಸುವುದಿಲ್ಲವಾದ್ದರಿಂದ ಮಾತಿನಲ್ಲಿಯೇ ಹೇಳುತ್ತಿದ್ದೇನೆ. ಸಂದೇಶ ಉದ್ದವಾಗಿದೆ, ದಯವಿಟ್ಟು ಕೊನೆಯವರೆಗೆ ಕೇಳಿರಿ.

ನಿನ್ನೆ ರಾತ್ರಿ ಘಾಟಕೋಪರದ ನಮ್ಮ ಸೊಸೆ ಕೇಳಿದ್ದು ಇಷ್ಟು: ಎರಡು ತಿಂಗಳ ಕೂಸು ರಾತ್ರಿ ಎರಡೆರಡು ತಾಸಿಗೊಮ್ಮೆ ಏಳುತ್ತದೆ, ಅಂಗಾತ ಮಲಗಿಸಿದರೆ ಬೆಚ್ಚಿಬೀಳುತ್ತದೆ, ಬೋರಲು ಹಾಕಿದರೆ ಒಂದೇ ಸಮನೆ ನಾಲ್ಕು ತಾಸು ಮಲಗುತ್ತದೆ, ಹಾಗೆಯೇ ಮಲಗಿಸಲೇ ಎಂದು. ವೈನಿಯವರು ಮಲಗಿಸು ಎಂದರು. ಪುಣೆಯ ಅಕ್ಕ ತಲೆ ದುಂಡಗಾಗಲು ಸಾಸಿವೆ ದಿಂಬು ಕಳುಹಿಸುವುದಾಗಿ ಹೇಳಿದರು. ನೆಗಡಿಯ ಔಷಧ ಎರಡು ಹನಿ ಹಾಕಿದರೆ ಚೆನ್ನಾಗಿ ನಿದ್ದೆ ಬರುತ್ತದೆ ಎಂಬ ಮಾತೂ ಬಂತು. ಎಲ್ಲರೂ ಕೂಸಿನ ಮೇಲಿನ ಪ್ರೀತಿಯಿಂದಲೇ ಹೇಳಿದ್ದೀರಿ. ಆದರೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಈ ಮುಂಬಯಿಯಲ್ಲಿ ಹೆರಿಗೆ ವಾರ್ಡಿನ ದಾದಿಯಾಗಿದ್ದ ನಾನು ಸುಮ್ಮನಿದ್ದರೆ ತಪ್ಪಾಗುತ್ತದೆ.

ಮಗಳೇ, ಬೋರಲು ಮಲಗಿಸಬೇಡ. ವೈನಿ, ಸೊಸೆಯ ಎದುರಿನಲ್ಲಿ ನಿಮ್ಮ ಮಾತಿಗೆ ಅಡ್ಡ ಬಂದೆನೆಂದು ಬೇಸರಿಸಬೇಡಿರಿ. ನಾನೂ ಒಂದು ಕಾಲದಲ್ಲಿ ಬೋರಲು ಮಲಗಿಸಿರೆಂದು ತಾಯಂದಿರಿಗೆ ಹೇಳಿದವಳೇ, ನನ್ನ ಮಗನನ್ನೂ ಹಾಗೆಯೇ ಮಲಗಿಸಿದವಳೇ. ಕಕ್ಕಿದ ಹಾಲು ಉಸಿರ್ನಾಳಕ್ಕೆ ಹೋಗುವುದಿಲ್ಲ ಎಂದು ಆಗ ನಮಗೆ ಹೇಳಿಕೊಟ್ಟಿದ್ದರು. ನಿಜ ಸಂಗತಿ ಅದಕ್ಕೆ ತದ್ವಿರುದ್ಧವಾಗಿದೆ. ಕೂಸು ಅಂಗಾತ ಮಲಗಿದಾಗ ಉಸಿರ್ನಾಳ ಮೇಲಿರುತ್ತದೆ, ಅನ್ನನಾಳ ಕೆಳಗಿರುತ್ತದೆ. ಬಾಯಿಗೆ ಬಂದ ಹಾಲು ತಿರುಗಿ ಕೆಳಗಿನ ನಾಳಕ್ಕೇ ಇಳಿಯುತ್ತದೆ. ಬೋರಲು ಹಾಕಿದಾಗ ಅನ್ನನಾಳ ಮೇಲಾಗಿ ಉಸಿರ್ನಾಳ ಕೆಳಗಾಗುತ್ತದೆ. ಜೊತೆಗೆ ಮೂಗು ಹಾಸಿಗೆಗೆ ಒತ್ತಿಕೊಂಡು, ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುವ ಪರಿಸ್ಥಿತಿಯೂ ಬರುತ್ತದೆ.

ಬೋರಲು ಮಲಗಿದ ಕೂಸು ಹೆಚ್ಚು ಹೊತ್ತು ಮಲಗುತ್ತದೆ ಎಂಬುದು ಸುಳ್ಳಲ್ಲ, ಅಪಾಯವಿರುವುದೂ ಅಲ್ಲಿಯೇ. ಎಳೆಯ ಕೂಸಿನ ಉಸಿರಾಟ ನಿದ್ದೆಯಲ್ಲಿ ಒಂದೇ ಸಮನಾಗಿರುವುದಿಲ್ಲ. ಕೆಲವು ಸೆಕೆಂಡು ತಡೆದು ಮತ್ತೆ ಆರಂಭವಾಗುವುದು ಸಹಜ. ಉಸಿರಿಗೆ ನಿಜವಾಗಿಯೂ ಕೊರತೆಯಾದಾಗ ಅದನ್ನು ಕಾಯುವುದು ಎಚ್ಚರಗೊಳ್ಳುವ ಶಕ್ತಿ: ತಲೆ ಹೊರಳಿಸುವುದು, ಕೈಕಾಲು ಬಡಿಯುವುದು, ಅಳುವುದು. ಬೋರಲು ಮಲಗಿದಾಗ ಈ ಶಕ್ತಿ ಮಂದವಾಗುತ್ತದೆ. ನಿನ್ನ ಮಗು ರಾತ್ರಿ ಏಳುವುದು ನಿನಗೆ ಕಾಟವಾಗಿ ಕಾಣುತ್ತಿದೆ ಎಂಬುದು ನನಗೆ ಅರ್ಥವಾಗುತ್ತದೆ, ಆದರೆ ಹಾಗೆ ಏಳಬಲ್ಲುದು ಎಂಬುದೇ ಅದಕ್ಕಿರುವ ಕಾವಲು. ಯಾವ ಕಾಯಿಲೆಯೂ ಕಾಣದ ಕೂಸು ನಿದ್ದೆಯಲ್ಲಿಯೇ ಹೋಗಿಬಿಡುವ ಪ್ರಸಂಗಗಳು ಹೆಚ್ಚಾಗಿ ನಡೆಯುವುದು ಒಂದರಿಂದ ನಾಲ್ಕು ತಿಂಗಳ ನಡುವೆ. ನಮ್ಮ ಕೂಸು ಈಗ ಅದೇ ವಯಸ್ಸಿನಲ್ಲಿದೆ, ಮೇಲಾಗಿ 2.3 ಕಿಲೋ ತೂಕದಲ್ಲಿ ಹುಟ್ಟಿದೆ. ತೂಕ ಕಡಿಮೆಯಿದ್ದವರಿಗೆ ಈ ಅಪಾಯ ಹೆಚ್ಚು. ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 1992ರಲ್ಲಿ ಬೋರಲು ಮಲಗಿಸಬೇಡಿರೆಂದು ಹೇಳಿತು, 1994ರಿಂದ ಅಂಗಾತ ಮಲಗಿಸುವ ಪ್ರಚಾರ ದೇಶದಾದ್ಯಂತ ನಡೆಯಿತು, ಮುಂದಿನ ಹತ್ತು ವರ್ಷಗಳೊಳಗೆ ಅಲ್ಲಿ ಇಂಥ ಸಾವುಗಳ ಪ್ರಮಾಣ ಅರ್ಧದಷ್ಟಕ್ಕೆ ಇಳಿಯಿತು. ಮಗ್ಗುಲಾಗಿ ಮಲಗಿಸುವುದೂ ಬೇಡ, ಏಕೆಂದರೆ ಅಲ್ಲಿಂದ ಬೋರಲಾಗಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ವೈನಿ, ಧಾರವಾಡದ ಮನೆಯ ತೊಟ್ಟಿಲಿನಲ್ಲಿ ನಮ್ಮ ಅವ್ವ ನಮ್ಮನ್ನೆಲ್ಲ ಅಂಗಾತವೇ ಮಲಗಿಸುತ್ತಿದ್ದಳು, ನಿಮಗೂ ನೆನಪಿರಬೇಕು. ಬೋರಲು ಹಾಕುವುದನ್ನು ನಮಗೆ ಕಲಿಸಿದ್ದು ಆಸ್ಪತ್ರೆಯೇ ಹೊರತು ಅವ್ವನಲ್ಲ.

ನೆಗಡಿ ಔಷಧದ ಮಾತಿಗೆ ಬಂದರೆ, ಇದನ್ನು ಸ್ವಲ್ಪ ಕಠಿಣವಾಗಿಯೇ ಹೇಳುತ್ತೇನೆ. ಇದೇ ಮುಂಬಯಿಯ ಗಿರಣಗಾಂವದಲ್ಲಿ, ಹತ್ತಿ ಗಿರಣಿಯ ಕೆಲಸಕ್ಕೆ ಹೋಗುವ ತಾಯಂದಿರು ಮನೆಯಲ್ಲಿ ಬಿಟ್ಟ ಕೂಸು ಅಳದಿರಲೆಂದು ಅಫೀಮು ಸೇರಿಸಿದ ಬಾಳಗೋಳಿ ಕೊಡುತ್ತಿದ್ದ ಕಾಲವೊಂದಿತ್ತು. ಆ ತಾಯಂದಿರಿಗೆ ಬೇರೆ ದಾರಿ ಇರಲಿಲ್ಲ, ನಮಗಿದೆ. ಅಂಗಡಿಯಲ್ಲಿ ಸಿಗುವ ಅನೇಕ ನೆಗಡಿ ಸಿರಪ್‌ಗಳಲ್ಲಿರುವ ಕ್ಲೋರ್‌ಫೆನಿರಮಿನ್ ಮಂಪರು ತರುವ ಔಷಧ. ಅದನ್ನು ಕಟ್ಟಿದ ಮೂಗು ಬಿಡಿಸುವ ಫಿನೈಲೆಫ್ರಿನ್ ಜೊತೆ ಬೆರೆಸಿದ ಸಿರಪ್ ನಾಲ್ಕು ವರ್ಷದೊಳಗಿನವರಿಗೆ ಕೊಡಬಾರದೆಂದು ಬಾಟಲಿಯ ಮೇಲೆ ಮುದ್ರಿಸಬೇಕು ಎಂದು ನಮ್ಮ ದೇಶದ ಔಷಧ ನಿಯಂತ್ರಕರು 2023ರಲ್ಲಿ ಸೂಚಿಸಿದ್ದಾರೆ. ಎಚ್ಚರಗೊಳ್ಳುವ ಶಕ್ತಿಯನ್ನು ಕುಗ್ಗಿಸುವ ಯಾವುದನ್ನೂ ಎರಡು ತಿಂಗಳ ಬಾಯಿಗೆ ಹಾಕಬೇಡಿರಿ. ಒಸಡಿಗೆ ಬ್ರಾಂಡಿ ಸವರುವುದೂ ಬೇಡ, ಗುಟ್ಟಿಯ ಜೊತೆ ಜೇನು ನೆಕ್ಕಿಸುವುದಂತೂ ಒಂದು ವರ್ಷ ತುಂಬುವವರೆಗೆ ಬೇಡವೇ ಬೇಡ.

ಅಕ್ಕಾ, ಸಾಸಿವೆ ದಿಂಬನ್ನು ಕಳುಹಿಸಬೇಡಿರಿ. ದಿಂಬಿನ ಮೇಲೆ ತಲೆ ಎತ್ತರವಾದಾಗ ಗದ್ದ ಎದೆಗೆ ಬಾಗಿ ಮೃದುವಾದ ಉಸಿರ್ನಾಳ ಮಡಚಿಕೊಳ್ಳುತ್ತದೆ. ತಲೆ ಚಪ್ಪಟೆಯಾದೀತೆಂಬ ಚಿಂತೆಗೆ ಬೇರೆ ಉಪಾಯವಿದೆ: ಒಂದು ದಿನ ಎಡಕ್ಕೆ, ಒಂದು ದಿನ ಬಲಕ್ಕೆ ಮುಖ ತಿರುಗಿಸಿ ಮಲಗಿಸುವುದು, ಮತ್ತು ಎಚ್ಚರವಿದ್ದಾಗ ಎದುರಿಗೆ ಕುಳಿತು ದಿನಕ್ಕೆ ಎರಡು ಮೂರು ಬಾರಿ ಕೆಲವು ನಿಮಿಷ ಬೋರಲು ಹಾಕುವುದು. ವೈನಿ, ನಿಮಗೆ ಬೋರಲು ಹಾಕುವ ಆಸೆಯಿದ್ದರೆ ಅದನ್ನು ಹಗಲಿನಲ್ಲಿ, ಕಣ್ಣೆದುರಿಗೆ ತೀರಿಸಿಕೊಳ್ಳಿರಿ. ಕುತ್ತಿಗೆಗೂ ಬಲ ಬರುತ್ತದೆ.

ಈಗ ಒಂದೇ ಖೋಲಿಯ ಮನೆಯಲ್ಲಿ ಏನು ಮಾಡಬೇಕೆಂಬ ಪ್ರಶ್ನೆ. ತೊಟ್ಟಿಲಿಗೆ ಜಾಗವಿಲ್ಲವೆಂದು ಕೊರಗಬೇಡ. ನೆಲದ ಮೇಲೆ ಚಾಪೆ, ಅದರ ಮೇಲೆ ಒತ್ತಿದರೆ ತಗ್ಗು ಬೀಳದಂತಹ ತೆಳುವಾದ ಗಟ್ಟಿ ಗಾದಿ, ಬಿಗಿಯಾಗಿ ಎಳೆದು ಕಟ್ಟಿದ ಒಂದು ಬಟ್ಟೆ. ನಿನ್ನ ಹಾಸಿಗೆಯಿಂದ ಕೈಗೆಟಕುವಷ್ಟು ದೂರದಲ್ಲಿ, ಆದರೆ ಬೇರೆಯಾಗಿ. ಅದರ ಮೇಲೆ ದಿಂಬು, ಕೌದಿ, ದುಪ್ಪಟಿ, ಗೊಂಬೆ ಏನೂ ಇರಬಾರದು. ಊರಿನಿಂದ ಬಂದ ಕೌದಿಯನ್ನು ತೊಡೆಯ ಮೇಲಿಟ್ಟು ಕೂಸನ್ನು ಆಡಿಸಲು ಬಳಸು. ಮಲಗಿ ಹಾಲು ಕುಡಿಸುತ್ತ ನಿನಗೂ ಕಣ್ಣು ಮುಚ್ಚಬಹುದು, ಹಗಲೆಲ್ಲ ದುಡಿದ ದೇಹ. ಅದಕ್ಕಾಗಿ ಆ ಹೊತ್ತಿಗೆ ನಿನ್ನ ಹಾಸಿಗೆಯಲ್ಲಿಯೂ ದಿಂಬು ಹೊದಿಕೆ ಕೂಸಿನಿಂದ ದೂರವಿರಲಿ, ಎಚ್ಚರವಾದ ಕೂಡಲೇ ಅದನ್ನು ಅದರ ಜಾಗಕ್ಕೆ ಮಲಗಿಸು. ಸೋಫಾದ ಮೇಲೆ ಕುಳಿತು ಕೂಸನ್ನು ಎದೆಗೆ ಹಾಕಿಕೊಂಡು ನಿದ್ದೆಹೋಗುವುದು ಎಲ್ಲಕ್ಕಿಂತ ಅಪಾಯಕಾರಿ. ಈ ಮಾತು ಕೂಸಿನ ಅಪ್ಪನಿಗೆ. ಅವನು ಸಿಗರೇಟು ಬಿಟ್ಟರೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ, ಏಕೆಂದರೆ ಹೊಗೆಯೂ ಕೂಸು ಎಚ್ಚರಗೊಳ್ಳುವ ಶಕ್ತಿಯನ್ನೇ ಕುಗ್ಗಿಸುತ್ತದೆ.

ಮಳೆಗಾಲದ ಸೊಳ್ಳೆಗೆ ಕಾಯಿಲ್ ಹಚ್ಚಬೇಡಿರಿ. ಸ್ನಾನದ ನಂತರ ಮುಚ್ಚಿದ ಖೋಲಿಯಲ್ಲಿ ಲೋಬಾನದ ಹೊಗೆಯನ್ನೂ ಹಾಕಬೇಡಿರಿ. ಛತ್ರಿಯಂತೆ ಬಿಚ್ಚುವ ಸಣ್ಣ ಸೊಳ್ಳೆ ಪರದೆ ಸಾಕು, ಅದನ್ನು ಹಗಲಿನಲ್ಲಿಯೂ ಹಾಕಿರಿ, ಏಕೆಂದರೆ ಡೆಂಗಿಯ ಸೊಳ್ಳೆ ಕಚ್ಚುವುದು ಹಗಲಿನಲ್ಲಿ. ಪರದೆಯ ಬಟ್ಟೆ ಮುಖಕ್ಕೆ ತಾಗದಂತೆ ನೋಡಿಕೊಳ್ಳಿರಿ.

ಸೀರೆಯ ಜೋಳಿಗೆಯಲ್ಲಿ ತೂಗಬಹುದು, ಆದರೆ ಎದುರಿಗೆ ಒಬ್ಬರು ಕುಳಿತಿರಬೇಕು, ನಿದ್ದೆ ಹತ್ತಿದ ಮೇಲೆ ಸಮತಟ್ಟಾದ ಗಾದಿಗೆ ಇಳಿಸಬೇಕು. ಕೊರಳಿನ ಕರಿದಾರವನ್ನು ತೆಗೆದು ಉಡಿದಾರವಾಗಿ ಕಟ್ಟಿರಿ, ದೃಷ್ಟಿಗೆ ಅಷ್ಟು ಸಾಕು. ಮುಂಬಯಿಯ ಸೆಕೆಯಲ್ಲಿ ಕುಲಾವಿ, ಸ್ವೆಟರು, ಮೇಲೊಂದು ಹೊದಿಕೆ ಬೇಡ. ಕೈಕಾಲು ತಣ್ಣಗಿವೆ ಎಂದು ಗಾಬರಿಯಾಗದೆ ಎದೆಯನ್ನೋ ಕುತ್ತಿಗೆಯ ಹಿಂಭಾಗವನ್ನೋ ಮುಟ್ಟಿ ನೋಡು. ಅಲ್ಲಿ ಬೆವರಿದ್ದರೆ ಒಂದು ಬಟ್ಟೆ ಕಡಿಮೆ ಮಾಡು.

ಅಂಗಾತ ಮಲಗಿಸಿದಾಗ ಬೆಚ್ಚುವುದು ಆ ವಯಸ್ಸಿನ ಸಹಜ ಪ್ರತಿಕ್ರಿಯೆ, ನಾಲ್ಕೈದು ತಿಂಗಳ ಹೊತ್ತಿಗೆ ತಾನಾಗಿ ಅಡಗುತ್ತದೆ. ತೆಳುವಾದ ಹತ್ತಿ ಬಟ್ಟೆಯಲ್ಲಿ ತೋಳುಗಳನ್ನು ಸುತ್ತಬಹುದು, ಕಾಲುಗಳು ಮಾತ್ರ ಕಪ್ಪೆಯಂತೆ ಮಡಚಿ ಆಡುವಷ್ಟು ಸಡಿಲವಿರಲಿ. ನೇರವಾಗಿ ಎಳೆದು ಕಟ್ಟಿದರೆ ಸೊಂಟದ ಕೀಲಿಗೆ ಕೆಡುಕು. ಹೊರಳಲು ಪ್ರಯತ್ನಿಸಿದ ದಿನವೇ ಸುತ್ತುವುದನ್ನು ನಿಲ್ಲಿಸು. ಮುಂದೆ ಎರಡೂ ಕಡೆಗೆ ತಾನೇ ಹೊರಳುವಂತಾದ ಮೇಲೆ ನೀನು ಅಂಗಾತ ಮಲಗಿಸು, ಅದು ತಿರುಗಿದರೆ ತಿರುಗಲಿ.

ರಾತ್ರಿ ಹಗಲಿನ ಭೇದ ಕೂಸಿಗೆ ಈಗಷ್ಟೇ ಮೂಡುವ ಕಾಲ. ಬೆಳಿಗ್ಗೆ ಗ್ಯಾಲರಿಯ ಬೆಳಕಿಗೆ ತೆಗೆದುಕೊಂಡು ಹೋಗು, ಹಗಲು ಮಾತಾಡಿಸು. ರಾತ್ರಿ ಹಾಲುಣಿಸುವಾಗ ದೀಪ ಮಂದವಿರಲಿ, ಟಿವಿ ಬಂದಾಗಿರಲಿ, ಮಾತು ಬೇಡ. ನಿದ್ದೆಯಲ್ಲಿ ಮುಲುಗಿದ ಕೂಡಲೇ ಎತ್ತಿಕೊಳ್ಳಬೇಡ. ಎಳೆಯ ಕೂಸಿನ ನಿದ್ದೆಯ ಅರ್ಧ ಭಾಗ ಹೀಗೆ ಮುಖ ಕಿವಿಚುತ್ತ, ಮುಲುಗುತ್ತ ಕಳೆಯುತ್ತದೆ, ಅರೆನಿಮಿಷ ತಾಳಿದರೆ ಎಷ್ಟೋ ಸಲ ತಾನೇ ಮತ್ತೆ ಮಲಗುತ್ತದೆ. ಎರಡು ಮೂರು ತಾಸಿಗೊಮ್ಮೆ ಹಸಿವಾಗುವುದು ಮಾತ್ರ ನ್ಯಾಯವೇ, ಹುಟ್ಟುವಾಗ ಕಡಿಮೆಯಿದ್ದ ತೂಕ ತುಂಬಬೇಕಲ್ಲ.

ಆದರೆ ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ, ಹಾಲು ಬಿಟ್ಟರೆ, ಉಸಿರೆಳೆಯುವಾಗ ಪಕ್ಕೆ ಒಳಗೆ ಸೆಳೆದರೆ, ತುಟಿ ನೀಲಿಯಾದರೆ ಅಥವಾ ಜ್ವರ 100.4 ಡಿಗ್ರಿ ಮುಟ್ಟಿದರೆ ಈ ಗುಂಪಿನಲ್ಲಿ ಕೇಳುತ್ತ ಕೂಡಬೇಡ, 108ಕ್ಕೆ ಫೋನ್ ಮಾಡು.

ಇನ್ನು ನಿನ್ನ ನಿದ್ದೆ. ಅದು ಕೂಸಿನಿಂದಲ್ಲ, ದೊಡ್ಡವರಿಂದ ಸಿಗಬೇಕಾದದ್ದು. ಮುಂಜಾನೆ ಐದರಿಂದ ಎಂಟರವರೆಗೆ ವೈನಿಯವರು ಕೂಸನ್ನು ನೋಡಿಕೊಳ್ಳಲಿ, ರಾತ್ರಿ ಹಾಲಾದ ಮೇಲೆ ತೇಗು ತೆಗೆಸಿ ಮಲಗಿಸುವುದು ಅಪ್ಪನ ಪಾಳಿಯಾಗಲಿ. ಶನಿವಾರ ಸಂಜೆ ನಾನು ಮುಲುಂಡದಿಂದ ಬರುತ್ತೇನೆ, ಗಾದಿಯನ್ನೂ ತರುತ್ತೇನೆ. ಆ ರಾತ್ರಿ ಕೂಸಿನ ಪಕ್ಕದಲ್ಲಿ ನಾನು ಕೂಡುತ್ತೇನೆ. ಹಾಲಿನ ಹೊತ್ತಿಗೆ ಮಾತ್ರ ನಿನ್ನನ್ನು ಎಬ್ಬಿಸುತ್ತೇನೆ.