ಅಪ್ಪ-ಅಮ್ಮನಿಗೆ ಪ್ರೀಪೇಯ್ಡ್ ಫೋನ್ ಕೊಡಿಸುವ ಮುಂಚೆ ಲಾಕ್ ಎಷ್ಟು ದಿನ ಅಂತ ಕೇಳಿ

ಎಲ್ಲರಿಗೂ ನಮಸ್ಕಾರ. ರಜೆ ಹತ್ತಿರ ಬಂದಾಗಲೆಲ್ಲ ಗುಂಪಿನಲ್ಲಿ ಈ ಪ್ರಶ್ನೆ ಬರುತ್ತದೆ. "ಅಮೆರಿಕದಲ್ಲಿ ಪ್ರೀಪೇಯ್ಡ್ ಸಿಮ್ ಹಾಕಿ ಬಳಸಿದ ಫೋನ್ ಊರಲ್ಲಿ ಏರ್‌ಟೆಲ್ ಸಿಮ್ ತಗೊಳ್ತಾ ಇಲ್ಲ, ಏನು ಮಾಡೋದು?" ಅಂತ. ಒಂದೊಂದು ಸಾಲಿನ ಉತ್ತರದಲ್ಲಿ ಇದು ಮುಗಿಯುವುದಿಲ್ಲ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಲಾಕ್ ಅಂದರೆ ಒಂದೇ ಕಂಪನಿಯ ಸಿಮ್ ನಡೆಯುವ ಹಾಗೆ ಫೋನನ್ನು ಕಟ್ಟಿಹಾಕುವುದು; ಅನ್‌ಲಾಕ್ ಅಂದರೆ ಆ ಕಟ್ಟು ಬಿಚ್ಚುವುದು. ಮೊದಲು ಒಂದು ಭಯ ಬಿಡಿ. ಊರಿನಿಂದ ತಂದ ಫೋನಿಗೆ ಇಲ್ಲಿನ ಸಿಮ್ ಹಾಕಿದ ಮಾತ್ರಕ್ಕೆ ಅದು ಲಾಕ್ ಆಗುವುದಿಲ್ಲ. ಭಾರತದಲ್ಲಿ ಅಂಗಡಿಯಲ್ಲಿ ಪೂರ್ತಿ ದುಡ್ಡು ಕೊಟ್ಟು ಕೊಳ್ಳುವ ಫೋನ್‌ಗಳು ಸಾಮಾನ್ಯವಾಗಿ ಯಾವ ಕಂಪನಿಗೂ ಕಟ್ಟುಬಿದ್ದಿರುವುದಿಲ್ಲ. ತೊಂದರೆ ಬರುವುದು ಇಲ್ಲಿ ಕೊಂಡ ಫೋನಿನಿಂದ. ಅದರಲ್ಲೂ ಜಾಸ್ತಿ ಸಿಕ್ಕಿಬೀಳುವುದು ಎರಡು ಬಗೆಯ ಫೋನ್‌ಗಳಲ್ಲಿ.

ಒಂದು, ಪ್ರೀಪೇಯ್ಡ್ ಕಂಪನಿಗಳು ಸೂಪರ್‌ಮಾರ್ಕೆಟ್ ಗೋಡೆಗೆ ತೂಗುಹಾಕಿ ಮಾರುವ ಅಗ್ಗದ ಫೋನ್. ಕಡಿಮೆ ಬೆಲೆಗೆ ಕೊಟ್ಟ ನಷ್ಟವನ್ನು ಕಂಪನಿ ತಿಂಗಳ ರೀಚಾರ್ಜ್‌ನಲ್ಲಿ ತುಂಬಿಸಿಕೊಳ್ಳಬೇಕು. ಹಾಗಾಗಿ ಡಬ್ಬಿ ತೆರೆಯುವ ಮುಂಚೆಯೇ ಅದು ಲಾಕ್ ಆಗಿರುತ್ತದೆ.

ಎರಡನೆಯದು ಹೊರಗಿನಿಂದ ಗೊತ್ತೇ ಆಗುವುದಿಲ್ಲ. ದೊಡ್ಡ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಪೂರ್ತಿ ದುಡ್ಡು ಕೊಟ್ಟು ಐಫೋನ್ ತರುತ್ತೇವೆ. ಬಿಲ್ಲಿನಲ್ಲಿ ಯಾವ ಕಂಪನಿಯ ಹೆಸರೂ ಇರುವುದಿಲ್ಲ. ಅನ್‌ಲಾಕ್ಡ್ ಅಂತಲೇ ನಂಬುತ್ತೇವೆ. ಆದರೆ ಅದರಲ್ಲಿ ಕೆಲವು ಮೊದಲು ಹಾಕಿದ ಸಿಮ್ ಯಾವ ಕಂಪನಿಯದೋ ಆ ಕಂಪನಿಗೇ ಲಾಕ್ ಆಗುತ್ತವೆ. ಈ ವ್ಯವಸ್ಥೆಯನ್ನು ರಿಪೇರಿ ಮಾಡುವವರು "ಯುಎಸ್ ರೀಸೆಲ್ಲರ್ ಫ್ಲೆಕ್ಸ್ ಪಾಲಿಸಿ" ಅನ್ನುತ್ತಾರೆ. ಫೋನ್ ಮೊದಲ ಸಲ ಆನ್ ಆದಾಗ ತನ್ನ ಐಎಂಇಐ ಸಂಖ್ಯೆಯನ್ನು (ಪ್ರತಿ ಫೋನಿಗೂ ಬೇರೆಯಾಗಿರುವ ಗುರುತಿನ ಸಂಖ್ಯೆ) ಆ್ಯಪಲ್ ಸರ್ವರ್‌ಗೆ ಕಳಿಸುತ್ತದೆ. ಈ ಫೋನಿಗೆ ಯಾವ ಸಿಮ್ ನಡೆಯಬೇಕು ಅನ್ನುವುದು ಅಲ್ಲಿ ತೀರ್ಮಾನವಾಗುತ್ತದೆ. ಅಂದರೆ ಲಾಕ್ ಬರೆದಿಟ್ಟಿರುವುದು ಸರ್ವರ್‌ನಲ್ಲಿ. ಅದಕ್ಕೇ ಫ್ಯಾಕ್ಟರಿ ರೀಸೆಟ್ ಮಾಡಿದರೂ ಅದು ಹೋಗುವುದಿಲ್ಲ. "ನಾನು ಸುಮ್ನೆ ಒಂದು ತಿಂಗಳಿಗೆ ಪ್ರೀಪೇಯ್ಡ್ ಸಿಮ್ ಹಾಕಿದ್ದೆ, ಅಷ್ಟಕ್ಕೇ ಲಾಕ್ ಆಯ್ತು" ಅಂತ ಬರೆಯುವವರ ಕಥೆ ಹೆಚ್ಚಾಗಿ ಇದೇ.

ನೀವೇ ಪರೀಕ್ಷಿಸಿ ನೋಡಬಹುದು. ಐಫೋನಿನಲ್ಲಿ ಸೆಟ್ಟಿಂಗ್ಸ್, ಜನರಲ್, ಅಬೌಟ್ ಒಳಗೆ ಹೋಗಿ ಕೆಳಗೆ ಸರಿಸಿ. "ಕ್ಯಾರಿಯರ್ ಲಾಕ್" ಅನ್ನುವ ಸಾಲು ಸಿಗುತ್ತದೆ. ಅದರ ಎದುರು "ನೋ ಸಿಮ್ ರಿಸ್ಟ್ರಿಕ್ಷನ್ಸ್" ಅಂತಿದ್ದರೆ ನೆಮ್ಮದಿ. "ಸಿಮ್ ಲಾಕ್ಡ್" ಅಂತಿದ್ದರೆ ಊರಿಗೆ ಹೋಗುವ ಮುಂಚೆ ಕೆಲಸ ಇದೆ ಅಂತ ಅರ್ಥ. ಆಂಡ್ರಾಯ್ಡ್‌ನಲ್ಲಿ ಎಲ್ಲ ಫೋನಿಗೂ ಒಂದೇ ದಾರಿ ಇಲ್ಲ. ಬೇರೆ ಕಂಪನಿಯ ಸಿಮ್ ಹಾಕಿ ನೋಡುವುದೇ ಒಳ್ಳೆಯದು. ಪರದೆಯ ಮೇಲೆ ನೆಟ್‌ವರ್ಕ್ ಅನ್‌ಲಾಕ್ ಪಿನ್ ಕೇಳಿದರೆ ಲಾಕ್ ಇದೆ ಅಂತಲೇ.

ಈಗ ನನಗೆ ನಿಜವಾಗಿ ಸಿಟ್ಟು ಬರುವ ವಿಷಯಕ್ಕೆ ಬರುತ್ತೇನೆ. ಅಮೆರಿಕದ ಕಂಪನಿಗಳು ಒಪ್ಪಿಕೊಂಡಿರುವ ಉದ್ಯಮದ ನಿಯಮದಲ್ಲಿ, ಪ್ರೀಪೇಯ್ಡ್ ಫೋನನ್ನು ಶುರು ಮಾಡಿದ ಒಂದು ವರ್ಷದೊಳಗೆ ಅನ್‌ಲಾಕ್ ಮಾಡಿಕೊಡಬೇಕು ಅಂತಿದೆ. ಎಟಿ ಅಂಡ್ ಟಿ ಪ್ರೀಪೇಯ್ಡ್‌ನಲ್ಲಿ 6 ತಿಂಗಳ ಸೇವೆ ಆಗಿರಬೇಕು. ಟಿ-ಮೊಬೈಲ್ ಪ್ರೀಪೇಯ್ಡ್‌ನಲ್ಲಿ 365 ದಿನ ಕೇಳುತ್ತಾರೆ. ಪೋಸ್ಟ್‌ಪೇಯ್ಡ್ ಗ್ರಾಹಕರಿಗೆ ಇದಕ್ಕಿಂತ ಎಷ್ಟೋ ಬೇಗ ಆಗುತ್ತದೆ. ಫೋನಿನ ಕಂತಿನ ಸಾಲ ತೀರಿದ್ದರೆ ಒಂದೆರಡು ತಿಂಗಳು ಸಾಕು. ಈ ಅವಧಿಗಳು ಆಗಾಗ ಬದಲಾಗುತ್ತವೆ, ಕೊಳ್ಳುವ ದಿನ ಆ ಕಂಪನಿಯ ಪುಟವನ್ನೇ ಓದಿ.

ಅದರ ಪಕ್ಕದಲ್ಲಿ ನಮ್ಮ ಅಪ್ಪ-ಅಮ್ಮನ ಲೆಕ್ಕ ಇಟ್ಟು ನೋಡಿ. ವಿಸಿಟರ್ ವೀಸಾದಲ್ಲಿ ಬಂದವರಿಗೆ ಐ-94ನಲ್ಲಿ (ಎಷ್ಟು ದಿನ ಇರಬಹುದು ಅನ್ನುವ ಪ್ರವೇಶ ದಾಖಲೆ) ಸಾಮಾನ್ಯವಾಗಿ 6 ತಿಂಗಳು ಸಿಗುತ್ತದೆ. ಬಾಣಂತನಕ್ಕೆ ಬಂದ ಅಮ್ಮ 6 ತಿಂಗಳು ತುಂಬುವ ಮುಂಚೆಯೇ ವಿಮಾನ ಹತ್ತುತ್ತಾರೆ. ಅವರ ಹೆಸರಲ್ಲಿ ಕೊಂಡ ಪ್ರೀಪೇಯ್ಡ್ ಫೋನ್ ಅನ್‌ಲಾಕ್ ಆಗುವ ದಿನ ಅವರು ಈ ದೇಶದಲ್ಲೇ ಇರುವುದಿಲ್ಲ! ಮಗಳು ಪ್ರೀತಿಯಿಂದ ಕೊಡಿಸಿದ ಹೊಸ ಫೋನು, ಫೋಟೋ ಚೆನ್ನಾಗಿ ಬರುತ್ತದೆ ಅಂತ ಊರಿಗೆ ತೆಗೆದುಕೊಂಡು ಹೋಗುತ್ತಾರೆ. ಅಲ್ಲಿ ಅದು ವೈಫೈ ಇದ್ದರೆ ಮಾತ್ರ ನಡೆಯುವ ಫೋನ್.

ನನ್ನ ಅತ್ತೆಗೆ ಆದದ್ದು ಇದೇ. ಹಾಸನದಿಂದ ಬಂದಿದ್ದರು, ಮೊಮ್ಮಗನಿಗೆ ಐದು ತಿಂಗಳಾದಾಗ ಹೊರಟರು. ತಮ್ಮ ಹಳೇ ಫೋನಿನ ಬ್ಯಾಟರಿ ನಿಲ್ಲುವುದಿಲ್ಲ ಅಂತ ಅದನ್ನು ಇಲ್ಲೇ ಬಿಟ್ಟಿದ್ದರು. ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಇಳಿದು, ಪರ್ಸಿನ ಸಣ್ಣ ಜಿಪ್ಪಿನಲ್ಲಿಟ್ಟಿದ್ದ ಊರಿನ ಸಿಮ್ ತೆಗೆದು ಹಾಕಿದ್ದಾರೆ. "ಸಿಮ್ ನಾಟ್ ಸಪೋರ್ಟೆಡ್" ಅಂತ ಬಂದಿದೆ. ಟ್ಯಾಕ್ಸಿ ಬುಕ್ ಮಾಡಲು ಒಟಿಪಿ ಬೇಕು, ಅದು ಬರುವುದು ಆ ಸಿಮ್‌ಗೆ. ನಿಲ್ದಾಣದ ವೈಫೈಗೂ ಒಟಿಪಿ. ಪಕ್ಕದಲ್ಲಿ ನಿಂತಿದ್ದ ಯಾರದೋ ಮಗನ ಫೋನ್ ಇಸಿದುಕೊಂಡು ನಮಗೆ ಕರೆ ಮಾಡಿದರು. ನಾವು ಆ ಕಂಪನಿಗೆ ಫೋನ್ ಮಾಡಿದರೆ ಸಿಕ್ಕ ಉತ್ತರ ಒಂದೇ: "ಅವಧಿ ತುಂಬಿಲ್ಲ." ವಯಸ್ಸಾದವರು ದೇಶ ಬಿಟ್ಟು ಹೋಗಿದ್ದಾರೆ, ವಾಪಸ್ ಬರುವುದಿಲ್ಲ ಅಂತ ಹೇಳಿದರೂ ಬೇರೆ ದಾರಿ ಅವರ ಬಳಿ ಇರಲಿಲ್ಲ.

ಒಟಿಪಿ ಅಂದರೆ ಬರೀ ಟ್ಯಾಕ್ಸಿ ಅಲ್ಲ ಅಲ್ವಾ. ಬ್ಯಾಂಕು, ಆಧಾರ್, ಗ್ಯಾಸ್ ಬುಕಿಂಗ್, ಪೆನ್ಷನ್ ಎಲ್ಲವೂ ಆ ಒಂದು ನಂಬರಿಗೆ ಅಂಟಿಕೊಂಡಿವೆ. ಯುಪಿಐ ಇನ್ನೂ ಕಟ್ಟುನಿಟ್ಟು. ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ ಅದೇ ಫೋನಿನಲ್ಲಿ ಇರಬೇಕು, ಆ ಸಿಮ್‌ನಿಂದಲೇ ಒಂದು ಎಸ್‌ಎಂಎಸ್ ಹೋಗಬೇಕು, ಆಗ ಮಾತ್ರ ನೋಂದಣಿ. ಡ್ಯುಯಲ್ ಸಿಮ್ ಫೋನ್ ಅಲ್ವಾ, ಎರಡನೇ ಸ್ಲಾಟ್‌ನಲ್ಲಿ ಊರಿನ ಸಿಮ್ ಹಾಕಿದರಾಯ್ತು ಅನ್ನುವವರಿಗೆ ಹೇಳುತ್ತೇನೆ: ಲಾಕ್ ಆದ ಫೋನಿನಲ್ಲಿ ಎರಡನೇ ಸ್ಲಾಟ್ ಕೂಡ ಬೇರೆ ಕಂಪನಿಯ ಸಿಮ್ ಒಪ್ಪುವುದಿಲ್ಲ.

ಇದು ಎಲ್ಲ ದೇಶದಲ್ಲೂ ಹೀಗಿಲ್ಲ. ಅದಕ್ಕೇ ನನಗೆ ಜಾಸ್ತಿ ಬೇಜಾರು. ಕೆನಡಾದಲ್ಲಿ 2017ರ ಡಿಸೆಂಬರ್ 1ರಿಂದ ಫೋನ್‌ಗಳನ್ನು ಅನ್‌ಲಾಕ್ ಮಾಡಿಯೇ ಮಾರಬೇಕು, ಹಳೇ ಫೋನಿನ ಲಾಕ್ ತೆಗೆಯಲು ಶುಲ್ಕ ಕೇಳುವಂತಿಲ್ಲ. ಬ್ರಿಟನ್ನಿನಲ್ಲಿ ಟೆಲಿಕಾಂ ನಿಯಂತ್ರಕ ಸಂಸ್ಥೆ ಆಫ್‌ಕಾಮ್ 2021ರ ಡಿಸೆಂಬರ್‌ನಿಂದ ಕಂಪನಿಗಳು ಲಾಕ್ ಮಾಡಿದ ಫೋನ್ ಮಾರುವುದನ್ನು ನಿಲ್ಲಿಸಿತು. ಜಪಾನಿನಲ್ಲಿ 2021ರ ಅಕ್ಟೋಬರ್‌ನಿಂದ ಹೊಸ ಫೋನ್‌ಗಳಿಗೆ ಸಿಮ್ ಲಾಕ್ ಹಾಕುವುದಕ್ಕೆ ತಡೆ ಬಿತ್ತು. ಟೊರೊಂಟೊ, ಲಂಡನ್ನಿನ ಕನ್ನಡಿಗರು ಈ ತಲೆನೋವಿನಿಂದ ಬಹುಮಟ್ಟಿಗೆ ಪಾರು. ಅಮೆರಿಕದಲ್ಲಿ 2013ರ ಜನವರಿಯಲ್ಲಿ ಹೊಸ ಫೋನಿನ ಲಾಕನ್ನು ಕಂಪನಿಯ ಒಪ್ಪಿಗೆ ಇಲ್ಲದೆ ತೆಗೆಯುವುದೇ ಕಾನೂನುಬಾಹಿರ ಆಗಿತ್ತು. ವೈಟ್ ಹೌಸ್‌ಗೆ ಹೋದ ಅರ್ಜಿಗೆ 1 ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. 2014ರ ಆಗಸ್ಟ್‌ನಲ್ಲಿ ಒಬಾಮಾ ಹೊಸ ಕಾಯ್ದೆಗೆ ಸಹಿ ಮಾಡಿದ ಮೇಲೆ ನಮ್ಮ ಫೋನನ್ನು ನಾವು ಅನ್‌ಲಾಕ್ ಮಾಡಿಸುವುದು ಮತ್ತೆ ಕಾನೂನುಬದ್ಧವಾಯಿತು. ಆದರೆ ಲಾಕ್ ಮಾಡಿ ಮಾರುವುದನ್ನು ಆ ಕಾಯ್ದೆ ನಿಲ್ಲಿಸಲಿಲ್ಲ.

ಹಾಗಾದರೆ ಏನು ಮಾಡಬೇಕು? ಅಪ್ಪ-ಅಮ್ಮ ಬರುವುದಿದ್ದರೆ ಇಲ್ಲಿ ಫೋನ್ ಕೊಳ್ಳಲೇಬೇಡಿ ಅನ್ನುವುದು ನನ್ನ ಮಾತು. ಊರಿನ ಫೋನನ್ನೇ ತರಲಿ. ಹೊಸದು ಬೇಕಿದ್ದರೆ ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕೊಡಿಸಿ, ದುಡ್ಡು ನೀವು ಕಳಿಸಿ. ಇಸಿಮ್ (ಪ್ಲಾಸ್ಟಿಕ್ ಕಾರ್ಡ್ ಇಲ್ಲದೆ ಫೋನಿನೊಳಗೇ ಇಳಿಸಿಕೊಳ್ಳುವ ಸಿಮ್) ಇರುವ ಮಾಡೆಲ್ ಆದರೆ ಬಹಳ ಅನುಕೂಲ. ಊರಿನ ಸಿಮ್ ಇದ್ದ ಜಾಗದಲ್ಲೇ ಇರುತ್ತದೆ, ಇಲ್ಲಿನ ಪ್ರೀಪೇಯ್ಡ್ ಇಸಿಮ್ ಆಗಿ ಕೂರುತ್ತದೆ. ಬರುವ ಮುಂಚೆ ಊರಿನ ನಂಬರಿಗೆ ಅಂತರರಾಷ್ಟ್ರೀಯ ರೋಮಿಂಗ್ ಹಾಕಿಸಿ, ಒಟಿಪಿ ಎಸ್‌ಎಂಎಸ್ ಬರುತ್ತದೆ. ಆ ಸಿಮ್‌ನ ಡೇಟಾ ಮಾತ್ರ ಆಫ್ ಮಾಡಿಡಿ, ಇಲ್ಲದಿದ್ದರೆ ಬಿಲ್ ಏರುತ್ತದೆ. ರೀಚಾರ್ಜ್ ನಿಲ್ಲಿಸಬೇಡಿ. ಭಾರತದ ಟೆಲಿಕಾಂ ನಿಯಂತ್ರಕ ಸಂಸ್ಥೆ ಟ್ರಾಯ್ ನಿಯಮದ ಪ್ರಕಾರ 90 ದಿನ ಏನೂ ಬಳಕೆ ಇಲ್ಲದ ಪ್ರೀಪೇಯ್ಡ್ ನಂಬರನ್ನು ಕಂಪನಿ ರದ್ದು ಮಾಡಬಹುದು. ಖಾತೆಯಲ್ಲಿ 20 ರೂಪಾಯಿ ಇದ್ದರೆ ಅದನ್ನು ಕಡಿದುಕೊಂಡು ಇನ್ನೂ 30 ದಿನ ಉಳಿಸುತ್ತಾರೆ. ಆದರೂ ಅಪ್ಪನ ಬ್ಯಾಂಕ್ ನಂಬರ್ ವಿಷಯದಲ್ಲಿ 20 ರೂಪಾಯಿ ನಂಬಿಕೊಂಡು ಕೂರುವುದು ಬೇಡ.

ಊರಿನ ಫೋನ್ ಇಲ್ಲಿ ಸಿಗ್ನಲ್ ಹಿಡಿಯದಿದ್ದರೆ ಅದನ್ನೂ ಲಾಕ್ ಅಂದುಕೊಳ್ಳುತ್ತಾರೆ. ಅದು ಬೇರೆ ಸಮಸ್ಯೆ. ಇಲ್ಲಿ 2022ರಲ್ಲಿ 3ಜಿ ಜಾಲಗಳನ್ನು ಮುಚ್ಚಿದರು. ಈಗ ಕರೆ ಹೋಗಬೇಕಾದರೆ ಫೋನಿನಲ್ಲಿ ಆ ಕಂಪನಿಯ ವೋಲ್ಟಿ (4ಜಿ ಜಾಲದಲ್ಲೇ ಕರೆ ಮಾಡುವ ವ್ಯವಸ್ಥೆ) ನಡೆಯಬೇಕು. ಎಟಿ ಅಂಡ್ ಟಿ ತನ್ನ ಪಟ್ಟಿಯಲ್ಲಿಲ್ಲದ ಮಾಡೆಲ್‌ಗಳನ್ನು ಒಪ್ಪುವುದಿಲ್ಲ, ಭಾರತದಲ್ಲಿ ಮಾತ್ರ ಮಾರುವ ಎಷ್ಟೋ ಫೋನ್‌ಗಳು ಅಲ್ಲಿ ನಿಂತುಬಿಡುತ್ತವೆ. ಅಪ್ಪನಿಗೆ ಊರಲ್ಲೇ *#06# ಒತ್ತಿ ಐಎಂಇಐ ಓದಿ ಹೇಳಲು ಹೇಳಿ. ಇಲ್ಲಿನ ಕಂಪನಿಯ ವೆಬ್‌ಸೈಟಿನಲ್ಲಿ ಅದನ್ನು ಹಾಕಿ ನೋಡಿದ ಮೇಲೆ ಸಿಮ್ ಕೊಳ್ಳಿ.

ಸ್ಯಾಮ್‌ಸಂಗ್ ತರಿಸುವವರು ಇನ್ನೊಂದು ನೋಡಬೇಕು. 2013ರ ಗ್ಯಾಲಕ್ಸಿ ನೋಟ್ 3 ಕಾಲದಿಂದ ಅವರ ಅನೇಕ ಫೋನ್‌ಗಳಿಗೆ ಪ್ರದೇಶದ ಲಾಕ್ ಇದೆ. ಮಾರಿದ ಪ್ರದೇಶದ ಸಿಮ್ ಹಾಕಿ ಒಟ್ಟು 5 ನಿಮಿಷ ಮಾತಾಡುವ ತನಕ ಹೊರಗಿನ ಸಿಮ್ ನಡೆಯದೇ ಇರಬಹುದು. ಡಬ್ಬಿಯ ಮೇಲೆ ಸ್ಟಿಕ್ಕರ್ ಇರುತ್ತದೆ. ಸೀಲ್ ಒಡೆಯದೆ ಉಡುಗೊರೆ ತರುವ ಪದ್ಧತಿ ನಮ್ಮಲ್ಲಿ ಇದೆಯಲ್ಲ, ಈ ಫೋನಿಗೆ ಅದು ಬೇಡ. ಊರಲ್ಲೇ ತೆರೆದು, ಊರಿನ ಸಿಮ್ ಹಾಕಿ, ಅಜ್ಜಿ ಹತ್ತಿರ 5 ನಿಮಿಷ ಮಾತಾಡಿ ಆಮೇಲೆ ತರಲಿ.

ಮಕ್ಕಳ ಮೊದಲ ಫೋನ್ ಬಗ್ಗೆಯೂ ಎರಡು ಮಾತು. ಮಿಡ್ಲ್ ಸ್ಕೂಲ್ ಬಂದ ಕೂಡಲೇ ಶಾಲೆ ಬಿಟ್ಟ ಮೇಲೆ ಕರೆ ಮಾಡಲಿ ಅಂತ ಅಗ್ಗದ ಪ್ರೀಪೇಯ್ಡ್ ಫೋನ್ ಕೊಡಿಸುತ್ತೇವೆ. ಒಡೆದರೂ ಹೋಯ್ತು, ಕಳೆದರೂ ಹೋಯ್ತು ಅಂತ. ಆ ಯೋಚನೆ ತಪ್ಪಲ್ಲ. ಆದರೆ ಆ ಮಗು ಬೇಸಿಗೆಯಲ್ಲಿ ಒಂದೂವರೆ ತಿಂಗಳು ಅಜ್ಜ-ಅಜ್ಜಿ ಮನೆಗೆ ಹೋಗುತ್ತದೆ. ಮೈಸೂರಿನಲ್ಲಿ ಸೋದರಮಾವನ ಮಕ್ಕಳ ಜೊತೆ ದಸರಾ ವಸ್ತುಪ್ರದರ್ಶನ ಮೈದಾನಕ್ಕೋ ಚಾಮುಂಡಿ ಬೆಟ್ಟಕ್ಕೋ ಹೋದಾಗ ಕೈಯಲ್ಲಿರುವ ಫೋನ್ ನಡೆಯಬೇಕಾದ್ದು ಆಗಲೇ. ಅದಕ್ಕೇ ಮಕ್ಕಳಿಗೆ ಒಂದು ವರ್ಷ ಹಳೆಯದಾದರೂ ಸರಿ, ತಯಾರಕರ ಅಂಗಡಿಯಿಂದಲೇ ಅನ್‌ಲಾಕ್ಡ್ ಅಂತ ಬರೆದು ಮಾರುವ ಫೋನ್ ಕೊಡಿಸಿ. ಅದಕ್ಕೆ ಯಾವ ಪ್ರೀಪೇಯ್ಡ್ ಬೇಕಾದರೂ ಹಾಕಿ. ಕೊಳ್ಳುವಾಗ "ಕನೆಕ್ಟ್ ಟು ಎನಿ ಕ್ಯಾರಿಯರ್ ಲೇಟರ್" ಎಂಬ ಆಯ್ಕೆ ಒತ್ತಿ, ಯಾವುದೇ ಕಂಪನಿಯ ರಿಯಾಯಿತಿ ಸೇರಿಸಬೇಡಿ.

ಒಂದು ವಿಷಯ ಮರೆಯಬೇಡಿ. ಅಮೆರಿಕದಲ್ಲಿ ಮಾರುವ ಐಫೋನ್‌ಗಳಿಗೆ 2022ರ ಐಫೋನ್ 14ರಿಂದ ಸಿಮ್ ಟ್ರೇ ಇಲ್ಲ, ಇಸಿಮ್ ಮಾತ್ರ. ಲಾಕ್ ಇಲ್ಲದಿದ್ದರೂ ಅಪ್ಪನ ಪ್ಲಾಸ್ಟಿಕ್ ಸಿಮ್ ಅದಕ್ಕೆ ಹೋಗುವುದಿಲ್ಲ. ಅಂಥ ಫೋನ್ ಉಡುಗೊರೆ ಕೊಡುವುದಿದ್ದರೆ ಊರಿನ ಸಿಮ್ ಅನ್ನು ಇಸಿಮ್ ಮಾಡಿಸಬೇಕು. ಅದನ್ನು ಊರಲ್ಲಿ, ಹಳೇ ಫೋನ್ ಕೈಯಲ್ಲಿ ಇರುವಾಗಲೇ ಮಾಡಿಸುವುದು ಸುಲಭ.

ಈಗಾಗಲೇ ಸಿಕ್ಕಿಬಿದ್ದಿರುವವರಿಗೆ: ಇಂಟರ್‌ನೆಟ್ಟಿನಲ್ಲಿ 30 ಡಾಲರ್ ಕಳಿಸಿ, ಕೋಡ್ ಕೊಡುತ್ತೇವೆ ಅನ್ನುವವರಿಗೆ ಐಎಂಇಐ ಮತ್ತು ದುಡ್ಡು ಎರಡನ್ನೂ ಕೊಡಬೇಡಿ. ಲಾಕ್ ತೆಗೆಯುವ ಅಧಿಕಾರ ಲಾಕ್ ಮಾಡಿದ ಕಂಪನಿಗೆ ಇದೆ. ಫೋನ್ ಇನ್ನೂ ಅಮೆರಿಕದಲ್ಲೇ ಇದ್ದರೆ ಅವಧಿ ತುಂಬುವ ತನಕ ಅದೇ ಫೋನಿನಲ್ಲಿ ಅತಿ ಕಡಿಮೆ ಪ್ಲಾನ್ ಬಿಡದೆ ನಡೆಸಿ. ಮಧ್ಯೆ ಬಿಟ್ಟರೆ ಲೆಕ್ಕ ಕೆಡಬಹುದು. ಅಂಗಡಿಯಲ್ಲಿ ಪೂರ್ತಿ ದುಡ್ಡು ಕೊಟ್ಟಿದ್ದ ಫೋನ್ ಆಗಿದ್ದರೆ ಬಿಲ್ ಹಿಡಿದು ಮೊದಲು ಅಂಗಡಿಗೆ ಹೋಗಿ, ವಾಪಸ್ ಕೊಡುವ ಗಡುವು ಮುಗಿಯುವ ಮುಂಚೆ. ಬದಲಾಯಿಸಿಕೊಳ್ಳುವುದೇ ಎಲ್ಲಕ್ಕಿಂತ ಬೇಗ ಆಗುವ ಕೆಲಸ. ಕಂಪನಿ ಅವಧಿ ತುಂಬಿದರೂ ಸತಾಯಿಸಿದರೆ ಅಮೆರಿಕದ ಟೆಲಿಕಾಂ ನಿಯಂತ್ರಕ ಸಂಸ್ಥೆ ಎಫ್‌ಸಿಸಿ ವೆಬ್‌ಸೈಟಿನಲ್ಲಿ ದೂರು ಕೊಡಬಹುದು, ಶುಲ್ಕ ಇಲ್ಲ. ದೂರು ಕಂಪನಿಗೆ ಹೋದರೆ 30 ದಿನದಲ್ಲಿ ಅವರು ಉತ್ತರ ಕೊಡಬೇಕು.

ಫೋನ್ ಊರು ಸೇರಿಬಿಟ್ಟಿದ್ದರೆ ಯಾರಾದರೂ ಬರುವವರ ಕೈಯಲ್ಲಿ ವಾಪಸ್ ತರಿಸಿ, ಇಲ್ಲಿ ಉಳಿದ ತಿಂಗಳು ಬಳಸಿ ಬಿಡಿಸಿಕೊಳ್ಳಿ. ಅತ್ತೆಯ ಫೋನ್ ಹಾಗೇ ವಾಪಸ್ ಬಂದಿದೆ, ನಾನೇ ಬಳಸುತ್ತಿದ್ದೇನೆ. ಅವರಿಗೆ ಹಾಸನದ ಅಂಗಡಿಯಲ್ಲೇ ಬೇರೆ ಕೊಡಿಸಿದೆವು. ಡಲ್ಲಾಸ್ ಕಡೆಯಿಂದ ಬೇಸಿಗೆಗೆ ಯಾರ ಅಪ್ಪ-ಅಮ್ಮ ಹೊರಡುತ್ತಿದ್ದಾರೋ ಅವರು ಮಾಡೆಲ್ ಮತ್ತು ಎಲ್ಲಿ ಕೊಂಡದ್ದು ಅಂತ ಇಲ್ಲಿ ಬರೆಯಿರಿ, ಐಎಂಇಐ ಮಾತ್ರ ಗುಂಪಿನಲ್ಲಿ ಹಾಕಬೇಡಿ. ವಾರಾಂತ್ಯದಲ್ಲಿ ಕೂತು ಒಬ್ಬೊಬ್ಬರದ್ದೇ ನೋಡೋಣ.