ಅಪ್‌ಡೇಟ್: ಕ್ಯಾರವಾನ್ ಅಲ್ಲಾಡೋದು ನಿಂತಿತು

ಮೈಸೂರಿಂದ ಮಂಡ್ಯ ಕಡೆ ಹೊರಟರೆ 60 ಕಿ.ಮೀ. ವೇಗ ದಾಟುತ್ತಲೇ ನಮ್ಮ ಕ್ಯಾರವಾನ್ (ಕಾರಿನ ಹಿಂದೆ ಕಟ್ಟಿ ಎಳೆಯುವ ಮನೆಗಾಡಿ) ಹಾವಿನಂತೆ ಓಲಾಡುತ್ತೆ, ಏನು ಮಾಡೋದು ಅಂತ ಇಲ್ಲಿ ಕೇಳಿದ್ದೆನಲ್ಲ, ಈಗ ಸರಿಹೋಗಿದೆ.

ಕ್ಯಾರವಾನ್ ಟೈರಿಗೆ ಗಾಳಿ ಹೆಚ್ಚಿಸಿ ಅಂತ ಕೆಲವರು ಅಂದಿದ್ದರು, ಪ್ರಯೋಜನ ಆಗಲಿಲ್ಲ. ಹಿಂದಿದ್ದ ನೀರಿನ ಕ್ಯಾನು, ಸಾಮಾನು ಎಲ್ಲ ಕ್ಯಾರವಾನಿನ ಆಕ್ಸಲ್ (ಚಕ್ರಗಳ ಅಚ್ಚು) ಮೇಲಕ್ಕೆ ತಂದಾಗ ಸ್ವಲ್ಪ ಕಮ್ಮಿಯಾಯ್ತು. ಪೂರ್ತಿ ಗುಣ ಕಂಡದ್ದು ಎಳೆಯುವ ಗಾಡಿ ಬದಲಿಸಿದಾಗಲೇ. ಸಾಮಾನು ತುಂಬಿದ ಮೇಲೂ ಕ್ಯಾರವಾನ್ ತೂಕ ಕಾರಿನ ತೂಕದ ಶೇ. 85ರೊಳಗೆ ಇರಲಿ ಅನ್ನೋ ಬ್ರಿಟನ್ನಿನ ಲೆಕ್ಕ ಹೇಳಿಕೊಟ್ಟ ಮಂಡ್ಯದ ಅಣ್ಣನಿಗೆ ದೊಡ್ಡ ನಮಸ್ಕಾರ.

ಆದರೆ ತೂಕ ಒಂದೇ ಸಾಲದು, ಇದು ನನಗೆ ಹೊಸ ವಿಷಯ. ಮೊದಲು ಭಾವನ ಭಾರದ ಕಾರಿಗೆ ಕಟ್ಟಿದೆವು. ಉದ್ದ ಡಿಕ್ಕಿ. ಓಲಾಟ ಹಾಗೇ ಇತ್ತು! ಕಾರಿನ ಹಿಂದಿನ ಆಕ್ಸಲ್‌ನಿಂದ ಟೋ ಬಾಲ್ (ಕ್ಯಾರವಾನ್ ಸಿಕ್ಕಿಸುವ ಗುಂಡು) ದೂರ ಇದ್ದಷ್ಟೂ ಕ್ಯಾರವಾನಿಗೆ ಕಾರಿನ ಹಿಂಭಾಗವನ್ನು ಪಕ್ಕಕ್ಕೆ ತಳ್ಳೋದು ಸುಲಭವಂತೆ. ಆಮೇಲೆ ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ) ಉದ್ದ, ಹಿಂದಿನ ಚಕ್ರದಾಚೆಯ ಭಾಗ ಗಿಡ್ಡ ಇರುವ ಜೀಪಿಗೆ ಕಟ್ಟಿದ್ದೇ ತಡ, ಶ್ರೀರಂಗಪಟ್ಟಣ ದಾಟಿ ಲಾರಿಗಳು ಪಕ್ಕದಲ್ಲೇ ನುಗ್ಗಿದರೂ ನೆಟ್ಟಗೆ ಬಂತು.

ಎಲ್ಲಾದರೂ ಓಲಾಟ ಶುರುವಾದರೆ ಆಕ್ಸಿಲರೇಟರ್ ಮೆಲ್ಲಗೆ ಬಿಡಿ, ಸ್ಟಿಯರಿಂಗ್ ನೆಟ್ಟಗೆ ಹಿಡಿಯಿರಿ. ವೇಗ ಏರಿಸಿ ಸರಿಮಾಡಲು ದಯವಿಟ್ಟು ಹೋಗಬೇಡಿ.